ಅನ್ನ ಬಿಟ್ಟು ಚಪಾತಿ ತಿಂದರೆ ಸಾಕೇ? ಅಧ್ಯಯನ ಹೇಳುವುದೇ ಬೇರೆ

ಶುಗರ್ ಇದೆ ಎಂದು ಗೊತ್ತಾದ ಕೂಡಲೇ ಅನೇಕ ಮನೆಗಳಲ್ಲಿ ರಾತ್ರಿಯ ಅನ್ನದ ಜಾಗಕ್ಕೆ ಚಪಾತಿ ಅಥವಾ ರಾಗಿಮುದ್ದೆ ಬರುತ್ತದೆ. ಆದರೆ ಅಷ್ಟು ಸಾಲದು ಎನ್ನುತ್ತದೆ ಐಸಿಎಂಆರ್-ಇಂಡಿಯಾಬ್ ಅಧ್ಯಯನ.

ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಷನ್ ನೇತೃತ್ವದ ಈ ವರದಿ 2025ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾಗಿದೆ. ಅದರ ಪ್ರಕಾರ ಭಾರತೀಯರ ಕ್ಯಾಲರಿಯಲ್ಲಿ ಸುಮಾರು ಶೇ 62ರಷ್ಟು ಕಾರ್ಬೋಹೈಡ್ರೇಟ್‌ನಿಂದಲೇ ಬರುತ್ತಿದೆ. ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ಬಳಸಿದ ಮಾತ್ರಕ್ಕೆ ಮಧುಮೇಹದ ಅಪಾಯ ತಗ್ಗಿದ್ದು ಕಂಡುಬಂದಿಲ್ಲ. ಒಟ್ಟು ಕ್ಯಾಲರಿಯ ಶೇ 5ರಷ್ಟನ್ನು ಕಾರ್ಬೋಹೈಡ್ರೇಟ್ ಬದಲು ಬೇಳೆಕಾಳು, ಹಾಲು-ಮೊಸರಿನ ಪ್ರೊಟೀನ್‌ನಿಂದ ಪಡೆದರೆ ಅಪಾಯ ಕಡಿಮೆ ಎಂಬುದು ಸಂಶೋಧಕರ ಲೆಕ್ಕಾಚಾರ.

ಅಂದರೆ ಬದಲಾಗಬೇಕಾದದ್ದು ಧಾನ್ಯವಲ್ಲ, ತಟ್ಟೆಯಲ್ಲಿ ಅದರ ಪಾಲು. ಮೂರು ಚಪಾತಿಯ ಬದಲು ಎರಡು ಸಾಕು, ಜೊತೆಗೆ ಒಂದು ಬಟ್ಟಲು ಹೆಸರುಕಾಳಿನ ಉಸಲಿ, ಮೊಸರು ಇರಲಿ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಊಟ ಬದಲಿಸಬೇಕು.

ಆದರೆ ಇದು ಅಡುಗೆಮನೆಯಲ್ಲೇ ಮುಗಿಯುವ ವಿಷಯವಲ್ಲ. ಕೇಂದ್ರದ ಉಚಿತ ಪಡಿತರದಲ್ಲಿ ಆದ್ಯತಾ ಕುಟುಂಬಗಳಿಗೆ ತಲಾ 5 ಕೆ.ಜಿ. ಧಾನ್ಯ ಸಿಗುತ್ತದೆ, ಬೇಳೆ ಸಿಗುವುದಿಲ್ಲ. ಅಕ್ಕಿ ಉಚಿತವಾಗಿದ್ದು ಬೇಳೆಗೆ ದುಡ್ಡು ಕೊಡಬೇಕಾದಾಗ, ಬಡವರ ತಟ್ಟೆಯಲ್ಲಿ ಅನ್ನವೇ ತುಂಬುತ್ತದೆ. 'ಪ್ರೊಟೀನ್ ತಿನ್ನಿ' ಎಂಬ ಸಲಹೆ ಅವರಿಗೂ ತಲುಪಬೇಕಾದರೆ ಪಡಿತರ ಚೀಲದಲ್ಲಿ ಬೇಳೆಗೂ ಜಾಗ ಬೇಕು.