ಊರೊಳಗಿನ ಅಡವಿ ಪಾಳು ಜಾಗವಲ್ಲ

ಸೊಲ್ಲಾಪುರ: ಮುಂಜಾನಿ ಆರೂವರಿ. ವಿಜಯಪುರ ರಸ್ತೆಯ ಸಿದ್ಧೇಶ್ವರ ವನವಿಹಾರದಲ್ಲಿ ಮಫ್ಲರ್ ಸುತ್ತಿಕೊಂಡ ಅಜ್ಜ, ಸ್ವೆಟರ್ ಹಾಕಿಕೊಂಡ ಮೊಮ್ಮಗ ನಡೆದಿರುತ್ತಾರೆ. ‘ಅಜ್ಜಾ, ಹೀ ಬಾಭೂಳ ನಾ?’ ಎಂದು ಹುಡುಗ ಕೇಳುತ್ತಾನೆ. ‘ಹೌದಪ್ಪಾ, ನಾವು ಅದಕ್ಕ ಜಾಲಿ ಅಂತೀವಿ’ ಎನ್ನುತ್ತಾನೆ ಅಜ್ಜ. ಕಡುನಿಂಬಕ್ಕೆ ಬೇವು, ತರವಡಕ್ಕೆ ತಂಗಡಿ, ತಿತ್ತರಕ್ಕೆ ಗೌಜಗ. ಒಂದು ಸುತ್ತು ಮುಗಿಯುವುದರೊಳಗೆ ಶಾಲೆಯಲ್ಲಿ ಸಿಗದ ಕನ್ನಡ ಪಾಠ ಆಗಿಬಿಡುತ್ತದೆ.

ಇಂಥ ತಿರುಗಾಟಕ್ಕೆ ಡಿಸೆಂಬರ್, ಜನವರಿಯೇ ಸರಿಯಾದ ಕಾಲ. ಬ್ಯಾಸಿಗಿ ಬಂತೆಂದರೆ ಸೊಲ್ಲಾಪುರದ ಬಿಸಿಲಿಗೆ ಎಂಟು ಗಂಟೆ ಮ್ಯಾಲ ಯಾರೂ ಹೊರಗೆ ನಿಲ್ಲುವುದಿಲ್ಲ. ಥಂಡಿಯೊಳಗ ಹಾಗಲ್ಲ. ದೂರದ ಹಕ್ಕಿಗಳೂ ಆಗಲೇ ಬರುತ್ತವೆ. ಬಾಲ ಕುಣಿಸುವ ಕುಂಡೆಕುಸ್ಕ ಹಿಮಾಲಯದ ಆಚೆ ಕಡೆಯಿಂದ ಇಳಿಯುತ್ತದೆ. ಮರಾಠಿಯಲ್ಲಿ ಭೋರಡ್ಯಾ ಎನ್ನುವ ಗುಲಾಬಿ ಮೈನಾಗಳು ಮಧ್ಯ ಏಷ್ಯಾದಿಂದ ಹಿಂಡು ಹಿಂಡಾಗಿ ಬಂದು ಹಿಂಗಾರಿ ಜೋಳದ ಹೊಲಗಳ ಮೇಲೆ ಹಾರುತ್ತವೆ. ಅಷ್ಟು ದೂರದ ಅತಿಥಿ ಊರ ಬಾಗಿಲಿಗೆ ಬಂದಾಗ ನೋಡಲಿಕ್ಕೆ ಟಿ.ವಿ. ಚಾನೆಲ್ ಯಾಕ ಬೇಕು?

ಆದರೆ ಇಂಥ ಜಾಗ ಕಂಡರೆ ಬಹಳ ಮಂದಿಗೆ ಸಮಾಧಾನ ಇಲ್ಲ. ‘ಏನದ ಅಲ್ಲಿ? ಬರೀ ಮುಳ್ಳು, ಒಣ ಹುಲ್ಲು’ ಎನ್ನುತ್ತಾರೆ. ಟೈಲ್ಸ್ ಹಾಕ್ರಿ, ಕಾರಂಜಿ ಮಾಡ್ರಿ, ರಾತ್ರಿ ಲೈಟ್ ಹಚ್ಚರಿ ಎಂಬ ಬೇಡಿಕೆ ಊರೂರಿಗೂ ಇದೆ. ವಯಸ್ಸಾದವರಿಗೆ ಕೂಡಲು ಬಾಕು, ಕುಡಿಯುವ ನೀರು, ಸ್ವಚ್ಛ ಶೌಚಾಲಯ ಬೇಕು, ಅದು ಖರೆ. ಆದರೆ ಅಡವಿಯನ್ನೇ ಗಾರ್ಡನ್ ಮಾಡುವುದು ಬೇರೆ ಮಾತು.

ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ ಬೀಳುವ ಈ ಭಾಗದ ನಿಜವಾದ ಅಡವಿ ಅಂದರೆ ಹುಲ್ಲು, ಕುರುಚಲು ಗಿಡ ಇರುವ ಮಾಳ. ಗೌಜಗ ತತ್ತಿ ಇಡುವುದು ನೆಲದ ಮೇಲೆ, ಹುಲ್ಲಿನ ಮರೆಯಲ್ಲಿ. ಆ ಹುಲ್ಲು ಕೆತ್ತಿ, ಸಾಲಾಗಿ ಗುಂಡಿ ತೋಡಿ ಪರದೇಶದ ಗಿರಿಪುಷ್ಪ ಹಚ್ಚಿದರೆ ಹಸಿರು ಕಾಣುತ್ತದೆ, ಆದರೆ ಹಕ್ಕಿಯ ಮನೆ ಹೋಗುತ್ತದೆ.

ಇದಕ್ಕೆ ಸಾಕ್ಷಿ ದೂರ ಹುಡುಕಬೇಕಿಲ್ಲ. ಇಲ್ಲೇ ಹತ್ತಿರದ ನಾನ್ನಜದ ಮಾಳವನ್ನು 1979ರಲ್ಲಿ ಎರೆಭೂತ ಹಕ್ಕಿಯ ಅಭಯಾರಣ್ಯವೆಂದು ಘೋಷಿಸಲಾಯಿತು. ಮರಾಠಿಯವರು ಮಾಳಢೋಕ ಎನ್ನುವುದು ಇದಕ್ಕೇ. ಇಂದು ಅಲ್ಲಿ ಆ ಹಕ್ಕಿ ಕಣ್ಣಿಗೆ ಬೀಳುವುದೇ ಅಪರೂಪ. ಸುತ್ತಲಿನ ಮಾಳ ಹೋದಂತೆ ಹಕ್ಕಿಯೂ ಹೋಯಿತು. ಅದರ ಹಿಂದೆಯೇ ಎರೆಭೂತ ಎಂಬ ಹೆಸರೂ ಮನೆಮಾತಿನಿಂದ ಹೋಗುತ್ತಿದೆ. ಹೆಸರೇ ಗೊತ್ತಿಲ್ಲದ ಜೀವ ಅಳಿದರೆ ಯಾರಿಗೆ ಸಂಕಟ ಆದೀತು?

ಅದಕ್ಕೇ ಹಿರಿಯರು ಮಕ್ಕಳನ್ನು ಕರೆದುಕೊಂಡು ಹೋಗಬೇಕು. ಸ್ಪೀಕರ್ ಬೇಡ, ಪ್ಲಾಸ್ಟಿಕ್ ಚೀಲ ಬೇಡ, ಬೀಡಿ-ಕಡ್ಡಿಪೆಟ್ಟಿಗೆ ಮೊದಲೇ ಬೇಡ. ಒಣ ಹುಲ್ಲಿಗೆ ಒಂದು ಕಿಡಿ ಸಾಕು.

ಸಂಕ್ರಾಂತಿಗೆ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆ. ನಂದಿಧ್ವಜ ನೋಡಲು ವಿಜಯಪುರ, ಕಲಬುರಗಿ ಕಡೆಯಿಂದ ಬೀಗರು, ಬಳಗದವರು ಬರುತ್ತಾರೆ. ಕೆರೆ ಕಟ್ಟಿಸುವುದನ್ನೂ ಪೂಜೆಯೆಂದು ತಿಳಿದ ಶರಣರ ಊರಿದು. ಬಂದವರನ್ನು ಗುಡಿ, ಪೇಟೆಯ ಜೊತೆ ಒಂದು ಮುಂಜಾನಿ ವನವಿಹಾರಕ್ಕೂ ಕರೆದೊಯ್ಯಲಿ. ಹುಡುಗರು ಮರಾಠಿ ಹೆಸರು ಹೇಳಲಿ, ಅಜ್ಜ-ಅಜ್ಜಿ ಕನ್ನಡದ್ದು ಹೇಳಲಿ. ಎರಡೂ ಹೆಸರು ಬಲ್ಲ ಮಕ್ಕಳು ನಾಳೆ ಆ ಜಾಗವನ್ನು ಪಾಳು ಅನ್ನಲಿಕ್ಕಿಲ್ಲ.