ದೂರ ಬೇಡ, ಕಿಟಕಿ ಕೊಡಿ

2020ರಲ್ಲಿ ಕೊರೋನಾ ಬಂದಾಗ ಊರೂರಲ್ಲಿ ಡಂಗುರ ಸಾರಿದರು: ‘ಸಾಮಾಜಿಕ ಅಂತರ ಕಾಪಾಡಿ.’ ನಮ್ಮ ಕೇರಿಯ ಅಜ್ಜಿಯೊಬ್ಬಳು ನಕ್ಕಳು. ‘ದೂರ ನಿಂತ್ಕೊಳ್ಳೋದನ್ನ ನಮಗೇ ಹೇಳಿಕೊಡ್ತಾರೇನ್ರಪ್ಪ?’

ಕ್ಷಯ, ದಡಾರ, ಕೊರೋನಾ ಹಬ್ಬುವುದು ಗಾಳಿಯಲ್ಲಿ. ರೋಗಿ ಕೆಮ್ಮಿದಾಗ, ಮಾತಾಡಿದಾಗ, ಬರೀ ಉಸಿರು ಬಿಟ್ಟಾಗಲೂ ಸಣ್ಣ ಕಣಗಳು ಹೊರಬೀಳುತ್ತವೆ. ಹತ್ತಿರವಿದ್ದರೆ ಅಪಾಯ ಹೆಚ್ಚು, ನಿಜ. ಆದರೆ ಮುಚ್ಚಿದ ಕೋಣೆಯಲ್ಲಿ ಅವು ಗಂಟೆಗಟ್ಟಲೆ ತೇಲುತ್ತವೆ. ಆರಡಿ ಗೆರೆ ಅವಕ್ಕೆ ಕಾಣೋದಿಲ್ಲ. 2020ರ ಮಾರ್ಚಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ‘ಕೊರೋನಾ ಗಾಳಿಯಿಂದ ಹರಡುವ ರೋಗವಲ್ಲ’ ಎಂದು ಸಾರಿತು. ತಿದ್ದಿಕೊಳ್ಳಲು ವರ್ಷದ ಮೇಲಾಯಿತು. ಅಷ್ಟು ದಿನವೂ ನಾವು ಕೈ ತೊಳೆದೂ ತೊಳೆದೂ ಕಿಟಕಿ ಮುಚ್ಚಿಕೊಂಡೇ ಕೂತಿದ್ದೆವು.

ಕಿಟಕಿಯ ಬೆಲೆ ತಿಳಿಯದ್ದೇನೂ ಅಲ್ಲ. ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳನ್ನು ಅಳೆದು ನೋಡಿದ ಅಧ್ಯಯನ 2007ರಲ್ಲೇ ಪ್ರಕಟವಾಯಿತು. 1950ಕ್ಕೆ ಮುಂಚಿನ, ಎತ್ತರದ ಚಾವಣಿ, ದೊಡ್ಡ ಕಿಟಕಿಗಳ ಕೋಣೆಗಳಲ್ಲಿ ಕಿಟಕಿ ಬಾಗಿಲು ತೆರೆದಾಗ ಗಂಟೆಗೆ ಸುಮಾರು 40 ಸಲ ಗಾಳಿ ಬದಲಾಯಿತು. ಯಂತ್ರದಿಂದ ಗಾಳಿಯಾಡಿಸುವ ಕೋಣೆಗಳಲ್ಲಿ 12 ಸಲ. ಚಿಕಿತ್ಸೆಯಿಲ್ಲದ ಕ್ಷಯರೋಗಿಗಳ ಜೊತೆ ಒಂದು ದಿನವಿದ್ದರೆ ಹಳೆಯ ಕೋಣೆಯಲ್ಲಿ 100ಕ್ಕೆ 11 ಮಂದಿಗೆ, ಯಂತ್ರದ ಕೋಣೆಯಲ್ಲಿ 39 ಮಂದಿಗೆ ಸೋಂಕು ತಗಲಬಹುದೆಂದು ಅವರ ಲೆಕ್ಕ ಹೇಳಿತು.

ಈಗ ನಮ್ಮ ಕಡೆ ನೋಡಿ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಈ ದೇಶದವರು. ನಾವು ಓದಿದ ಹಾಸ್ಟೆಲಿನ ಕೋಣೆಯಲ್ಲಿ ಹನ್ನೆರಡು ಟ್ರಂಕು, ಒಂದೇ ಕಿಟಕಿ, ಅದಕ್ಕೂ ಮೊಳೆ. ಒಬ್ಬ ಕೆಮ್ಮಿದರೆ ವಾರದಲ್ಲಿ ಕೋಣೆಯೇ ಕೆಮ್ಮುತ್ತಿತ್ತು. ‘ನಿಮ್ಮ ಜನಕ್ಕೆ ಶುಚಿ ಗೊತ್ತಿಲ್ಲ’ ಅಂತ ಬೈಸಿಕೊಂಡವರು ನಾವೇ. ಗಾಳಿಯಿಲ್ಲದ ಕೋಣೆ ಕಟ್ಟಿ ಬಿಲ್ಲು ಪಾಸು ಮಾಡಿಸಿಕೊಂಡವನಿಗೆ ಶುಚಿ ಗೊತ್ತಿತ್ತೇ?

ಮೇಷ್ಟ್ರುಗಳೇ, ಗೆಳೆಯರೇ, ನಾಳೆಯೇ ತರಗತಿಯ ಕಿಟಕಿಗೆ ಅಡ್ಡವಿರುವ ಬೀರು ಸರಿಸಿ. ಹೊಸ ಶಾಲೆ, ಹೊಸ ಹಾಸ್ಟೆಲು ಅಂದಾಗ ನಕ್ಷೆ ಬಿಡಿಸಿ ಕಿಟಕಿ ಎಣಿಸಿ. ಎದುರುಬದುರು ಗೋಡೆಗಳಲ್ಲಿ ಕಿಟಕಿ, ಬಿಸಿಗಾಳಿ ಹೊರಹೋಗಲು ಚಾವಣಿಯ ಹತ್ತಿರ ಗವಾಕ್ಷಿ ಕೇಳಿ. ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಕಾಯುವ ಕೂಲಿಯವರನ್ನು ಕತ್ತಲ ಓಣಿಯಲ್ಲಿ ತುಂಬಬೇಡಿ, ಗೋಡೆಯಿಲ್ಲದ ಜಗಲಿಯಲ್ಲಿ ಕೂರಿಸಿ ಅನ್ನಿ. ಇದಕ್ಕೆ ದುಡ್ಡಿಲ್ಲ ಅನ್ನುವವರಿಗೆ ಹೊರಗಿನ ಕಮಾನಿಗೆ, ಗ್ರಾನೈಟಿಗೆ ಎಷ್ಟು ಸುರಿದಿರಿ ಅಂತ ಕೇಳಿ.

1927ರಲ್ಲಿ ಬಾಬಾಸಾಹೇಬರು ಮಹಾಡಿನ ಕೆರೆಗಿಳಿದು ನೀರಿನ ಹಕ್ಕು ಕೇಳಿದರು. ನಾವು ಗಾಳಿಯ ಹಕ್ಕು ಕೇಳುತ್ತಿದ್ದೇವೆ. ದೂರ ನಿಂತದ್ದು ಸಾಕು. ಗೋಡೆ ಒಡೆದು ಕಿಟಕಿ ಇಡಿ.