ಎಂಟರ ಮೇಲೆ ನಾಲ್ಕು

ಬಹಳ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಆಫೀಸು, ರಿಲೀಸು, ಅದೇ ಹಾಡು... ಮೊನ್ನೆ ಹಬ್ಬಕ್ಕೆ ಊರಿಗೆ ಹೋಗಿ ಬಂದೆ. ತಲೆಯೊಳಗೆ ಒಂದು ಹುಳ ಹೊಕ್ಕಿದೆ, ಬರೆದು ಹೊರಗೆ ಹಾಕೋಣ ಅಂತ ಕೂತಿದ್ದೇನೆ.

ಊರು ಅಂದರೆ ಖಾನಾಪುರ. ರಾತ್ರಿ ರೈಲಿಗೆ ಬೆಳಗಾವಿಗೆ ಬಂದು, ಬಸ್ ಹತ್ತಿ ಕಿಟಕಿ ಪಕ್ಕ ಕೂತರೆ ಮುಂದಿನ ದಾರಿಯೆಲ್ಲ ಬಾಯಿಪಾಠ. ಉದ್ಯಮಬಾಗ, ಪೀರನವಾಡಿ, ಆಮೇಲೆ ಮಚ್ಛೆ. ಅಲ್ಲಿ 'ಜ್ಞಾನ ಸಂಗಮ', ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ. ಕಾಲೇಜಿನ ನಾಲ್ಕು ವರ್ಷ ದಿನಕ್ಕೆ ಎರಡು ಸಲ ಅದರ ಮುಂದೆ ಹಾದುಹೋದವನು ನಾನು. ಒಳಗೆ ಹೋದದ್ದು ಒಂದೇ ಸಲ, ಸರ್ಟಿಫಿಕೇಟಿನ ಕೆಲಸಕ್ಕೆ. ರಾಜ್ಯದ ಸುಮಾರು ಇನ್ನೂರು ಕಾಲೇಜುಗಳ ಹುಡುಗ ಹುಡುಗಿಯರು ಒಂದು ಸೆಮಿಸ್ಟರಿಗೆ ಎಷ್ಟು ಹೊರಬೇಕು ಅಂತ ತೀರ್ಮಾನವಾಗುವುದು ಇಲ್ಲೇ ಅನ್ನುವುದು ಆಗ ನನ್ನ ತಲೆಗೆ ಬಂದಿರಲೇ ಇಲ್ಲ. ಸೀಟು ಸಿಕ್ಕಿತಲ್ಲ ಅನ್ನುವುದೇ ದೊಡ್ಡ ಸಮಾಧಾನ.

ಖಾನಾಪುರದ ಸ್ಟ್ಯಾಂಡಿನಲ್ಲಿ ಹಳೇ ಗೆಳೆಯ ಸಿಕ್ಕ. ಹೆಸರು ಬೇಡ, ಜಾಂಬೋಟಿ ಕಡೆಯ ಹಳ್ಳಿಯವನು. ಕ್ಲಾಸಿನಲ್ಲಿ ನನಗಿಂತ ಜಾಣ. ಮೂರನೇ ಸೆಮಿಸ್ಟರಿನಲ್ಲಿ ಅವರಪ್ಪ ಹಾಸಿಗೆ ಹಿಡಿದರು. ಗದ್ದೆ ಕೊಯ್ಲು, ಆಸ್ಪತ್ರೆ, ಮಳೆ ಹೆಚ್ಚಾದರೆ ಬಸ್ಸೇ ಬಾರದ ಊರು. ಅದರ ಜೊತೆಗೆ ಆರು ಥಿಯರಿ, ಎರಡು ಲ್ಯಾಬು. ಎರಡನೇ ವರ್ಷ ಮುಗಿಯುವಾಗ ಅವನ ಕೈಯಲ್ಲಿ ಐದು ಬ್ಯಾಕ್ ಇದ್ದವು. ಒಂದು ವರ್ಷ ಮನೆಯಲ್ಲಿ ಕೂತ, ಆಮೇಲೆ ಹೇಗೋ ಮುಗಿಸಿದ. ಈಗ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿದ್ದಾನೆ. ಚಹಾ ಕುಡಿಯುತ್ತಾ ಹೇಳಿದ:

"ತಪ್ಪು ನಂದ ಐತಿ ಬಿಡಪಾ. ಖರೆ ಆವಾಗ ಎರಡು ಸಬ್ಜೆಕ್ಟ್ ಮುಂದಿನ ವರ್ಷಕ್ಕ ಇಟ್ಕೊಂಡಿದ್ರ ಉಳಿದದ್ದೆಲ್ಲಾ ದಾಟ್ತಿತ್ತು ನೋಡು. ಹಂಗ ಬಿಡಾಕ ಬರತೈತಿ ಅಂತ ಕೇಳಬೇಕು ಅನ್ನೂದ ಹೊಳೀಲಿಲ್ಲ."

ಅವನ ತಮ್ಮ ಈಗ ಎರಡನೇ ವರ್ಷದ ಇಂಜಿನಿಯರಿಂಗಿನಲ್ಲಿದ್ದಾನೆ. "ಅವಂಗೇನು ಹೇಳಲಿ, ನೀನ ಹೇಳು" ಅಂದ. ನಾನು ಚಹಾದ ಲೋಟ ನೋಡುತ್ತಾ ಕೂತೆ.

ಅವನ ಮಾತಿನಲ್ಲಿ ನನ್ನನ್ನು ಚುಚ್ಚಿದ್ದು 'ಹೊಳೀಲಿಲ್ಲ' ಅನ್ನುವುದು. ನನಗೂ ಹೊಳೆದಿರಲಿಲ್ಲ. ಸೆಮಿಸ್ಟರು ಅಂದರೆ ಕಟ್ಟಿಟ್ಟ ಗಂಟು, ಬಿಚ್ಚುವ ಹಾಗಿಲ್ಲ, ಹೊತ್ತುಕೊಂಡು ನಡೆಯಬೇಕು ಅಂತಲೇ ನಾವೆಲ್ಲ ತಿಳಿದಿದ್ದೆವು. 2015ರಲ್ಲಿ ಸೇರಿದ ನಮ್ಮದು ವಿಟಿಯುನಲ್ಲಿ ಸಿಬಿಸಿಎಸ್‌ನ ಮೊದಲ ಬ್ಯಾಚು. ಆ ಅಕ್ಷರಗಳನ್ನು ಬಿಡಿಸಿದರೆ 'ಆಯ್ಕೆ ಆಧಾರಿತ' ಅಂತ ಅರ್ಥ. ನಮ್ಮ ಬ್ರಾಂಚಿನಲ್ಲಿ ಆಯ್ಕೆ ಅನ್ನುವುದು ಮೊದಲ ಸಲ ಕಂಡದ್ದು ಐದನೇ ಸೆಮಿಸ್ಟರಿನಲ್ಲಿ. ಅದೂ ಯಾವ ಮೇಷ್ಟ್ರು ಖಾಲಿ ಇದ್ದಾರೋ ಅವರ ಸಬ್ಜೆಕ್ಟೇ ನಮ್ಮ ಆಯ್ಕೆ :) ಎಷ್ಟು ತೆಗೆದುಕೊಳ್ಳುತ್ತೀಯಪ್ಪಾ ಅಂತ ನಾಲ್ಕು ವರ್ಷದಲ್ಲಿ ಯಾರೂ ಕೇಳಲಿಲ್ಲ.

ಹಾಗಾದರೆ ಮಿತಿ ಅನ್ನುವುದೇ ಇರಲಿಲ್ಲವೇ? ಇತ್ತು. ಅದು ಎಲ್ಲಿತ್ತು ಅನ್ನುವುದೇ ತಮಾಷೆ. ಒಂದು ವರ್ಷದಿಂದ ಮುಂದಿನ ವರ್ಷಕ್ಕೆ ದಾಟಲು ನಾಲ್ಕಕ್ಕಿಂತ ಹೆಚ್ಚು ಬ್ಯಾಕ್ ಇರಕೂಡದು, ಮೂರನೇ ವರ್ಷಕ್ಕೆ ಹೋಗುವವನ ಮೊದಲ ವರ್ಷ ಪೂರ್ತಿ ಚೊಕ್ಕ ಆಗಿರಬೇಕು. ವಿಟಿಯುನಲ್ಲಿ ಓದಿದ ಯಾರನ್ನಾದರೂ ನಿದ್ದೆಯಿಂದ ಎಬ್ಬಿಸಿ ಕೇಳಿ, ಇದನ್ನು ಹೇಳುತ್ತಾರೆ. ಈಗ ಲೆಕ್ಕ ಹಾಕಿ. ನಾಲ್ಕು ಬ್ಯಾಕ್ ಇರುವವನು ಹೊಸ ಸೆಮಿಸ್ಟರಿನ ಎಂಟು ಕೋರ್ಸನ್ನೂ ತೆಗೆದುಕೊಳ್ಳುತ್ತಾನೆ, ಅದರ ಮೇಲೆ ಈ ನಾಲ್ಕನ್ನೂ ಹೊರುತ್ತಾನೆ. ಎಂಟರ ಮೇಲೆ ನಾಲ್ಕು, ಹನ್ನೆರಡು. ಕ್ಲಾಸಿನಲ್ಲಿ ಅತಿ ಕಷ್ಟದಲ್ಲಿರುವವನ ತಲೆಯ ಮೇಲೆ ಅತಿ ಹೆಚ್ಚು ಹೊರೆ! ಐದಾದರೆ? ಹೊಸ ಕೋರ್ಸು ಸೊನ್ನೆ, ಮನೆಯಲ್ಲಿ ಕೂರು. ಹನ್ನೆರಡಕ್ಕೂ ಸೊನ್ನೆಗೂ ನಡುವೆ ಒಂದೇ ಒಂದು ಸಬ್ಜೆಕ್ಟು. ನಡುವೆ ಆರು, ಏಳು ಅನ್ನುವ ಸಂಖ್ಯೆಗಳೂ ಗಣಿತದಲ್ಲಿವೆ ಅನ್ನುವುದು ನಿಯಮ ಬರೆದವರಿಗೆ ಗೊತ್ತಿರಲಿಲ್ಲ ಅಂತಲ್ಲ. ಅವನ್ನು ಯಾರಿಗೆ, ಯಾವಾಗ ಕೊಡಬೇಕು ಅಂತ ನಿರ್ಧರಿಸುವ ಮನುಷ್ಯನೊಬ್ಬ ಬೇಕಲ್ಲ, ಆ ಮನುಷ್ಯನಿಗೆ ಅಲ್ಲಿ ಜಾಗವಿಲ್ಲ. ಮಿತಿ ಇದ್ದದ್ದು ಬಿದ್ದ ಮೇಲೆ. ಬೀಳುವ ಮೊದಲು ಇರಲಿಲ್ಲ.

ಒಟ್ಟು ಹೊರೆ ಇಳಿದಿದೆ, ಅದನ್ನು ಒಪ್ಪಬೇಕು. ನಮ್ಮ 2015ರ ಸ್ಕೀಮಿನಲ್ಲಿ ಡಿಗ್ರಿಗೆ 200 ಕ್ರೆಡಿಟ್. 2018ರದ್ದರಲ್ಲಿ 175 ಆಯಿತು, 2021ರದ್ದರಲ್ಲಿ 160. ಎಐಸಿಟಿಇ 2018ರಲ್ಲಿ ತಂದ ಮಾದರಿ ಪಠ್ಯಕ್ರಮದಲ್ಲೂ 160 ಅಂತಲೇ ಇತ್ತು. ಒಳ್ಳೆಯದೇ. ಆದರೆ ಗಂಟು ಸಣ್ಣದಾಯಿತು, ಗಂಟಾಗಿಯೇ ಉಳಿಯಿತು.

ಅಂದ ಹಾಗೆ ಈ ಕ್ರೆಡಿಟ್ ಲೆಕ್ಕದ ಹುಟ್ಟೇ ಮಜವಾಗಿದೆ. 1906ರ ಸುಮಾರಿಗೆ ಅಮೆರಿಕದ ಕಾರ್ನೆಗಿ ಪ್ರತಿಷ್ಠಾನ ಕಾಲೇಜು ಮೇಷ್ಟ್ರುಗಳಿಗೆ ಪೆನ್ಶನ್ ಕೊಡಲು ಹೊರಟಿತು. ಯಾವುದು ಕಾಲೇಜು, ಯಾವುದು ಅಲ್ಲ ಅಂತ ಗುರುತಿಸಬೇಕಲ್ಲ, ಅದಕ್ಕೆ ಹೈಸ್ಕೂಲಿನಲ್ಲಿ ಇಷ್ಟು ಗಂಟೆ ಓದಿದವರನ್ನೇ ಸೇರಿಸಿಕೊಳ್ಳಬೇಕು ಅಂತ ಒಂದು ಅಳತೆ ಮಾಡಿತು. ಮೇಷ್ಟ್ರ ಪೆನ್ಶನ್ನಿಗೆ ಹುಟ್ಟಿದ ಗಂಟೆಯ ಲೆಕ್ಕ ಊರೂರು ಸುತ್ತಿ ಮಚ್ಛೆಗೂ ಬಂತು. ಆದರೆ ಅಲ್ಲಿ ಆ ಲೆಕ್ಕದ ಜೊತೆಗೇ ಇನ್ನೊಂದು ಇದೆ: ಸಲಹೆಗಾರ ಮೇಷ್ಟ್ರು. ಎಷ್ಟು ಕೋರ್ಸು ತೆಗೆದುಕೊಳ್ಳಬೇಕು ಅಂತ ವಿದ್ಯಾರ್ಥಿ ಅವರ ಜೊತೆ ಕೂತು ಮಾತಾಡುತ್ತಾನೆ. ಕ್ರೆಡಿಟ್ಟಿನ ಮೇಲಿನ ಮಿತಿಯನ್ನು ಅಧ್ಯಾಪಕರ ಸಭೆ ಗೊತ್ತುಮಾಡುತ್ತದೆ, ಮಿತಿ ದಾಟಬೇಕಾದರೆ ಸಹಿ ಬೇಕು. ನಾವು ಕ್ರೆಡಿಟ್ಟನ್ನು ತಂದುಕೊಂಡೆವು, ಸಹಿ ಮಾಡುವ ಮೇಷ್ಟ್ರನ್ನು ಅಲ್ಲೇ ಬಿಟ್ಟು ಬಂದೆವು.

ಇದು ಅಮೆರಿಕದ ಮಾತು, ನಮಗೆ ಆಗಿಬರುವುದಲ್ಲ ಅನ್ನಬೇಡಿ. ಪಕ್ಕದ ಧಾರವಾಡದಲ್ಲೇ ಇದೆ. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಶುರುವಾದದ್ದೇ ಅಮೆರಿಕದ ಲ್ಯಾಂಡ್ ಗ್ರಾಂಟ್ ಮಾದರಿಯಲ್ಲಿ, ಟೆನ್ನೆಸ್ಸೀ ವಿಶ್ವವಿದ್ಯಾಲಯದ ನೆರವಿನಿಂದ. ಧಾರವಾಡದ ಕೃಷಿ ವಿಶ್ವವಿದ್ಯಾಲಯ 1986ರಲ್ಲಿ ಅದರಿಂದ ಬೇರೆಯಾಯಿತು. ಪಿಯುಸಿಯಲ್ಲಿ ನನ್ನ ಜೊತೆಗಿದ್ದವನೊಬ್ಬ ಅಲ್ಲಿ ಬಿಎಸ್ಸಿ ಅಗ್ರಿ ಓದಿದ. ಪ್ರತಿ ಸೆಮಿಸ್ಟರಿನ ಮೊದಲು ಅಡ್ವೈಸರ್ ಹತ್ತಿರ ಹೋಗಿ ರಿಜಿಸ್ಟ್ರೇಷನ್ ಕಾರ್ಡಿಗೆ ಸಹಿ ಹಾಕಿಸಬೇಕು ಅಂತ ಅವನು ಗೊಣಗುತ್ತಿದ್ದ. ನನಗೆ ಆಗ ನಗು ಬರುತ್ತಿತ್ತು. ಈಗ ಹೊಟ್ಟೆಕಿಚ್ಚಾಗುತ್ತದೆ.

ಅಷ್ಟು ದೂರವೂ ಹೋಗುವುದು ಬೇಡ. ವಿಟಿಯು ಅಡಿಯಲ್ಲೇ ಇರುವ ಎಷ್ಟೋ ಸ್ವಾಯತ್ತ ಕಾಲೇಜುಗಳ ನಿಯಮ ಪುಸ್ತಕ ತೆಗೆದು ನೋಡಿ. ಸೆಮಿಸ್ಟರಿಗೆ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಅಂತ ಇರುತ್ತದೆ. ಮಧ್ಯದಲ್ಲಿ ಕೋರ್ಸ್ ಕೈಬಿಡಲು ದಾರಿ ಇರುತ್ತದೆ. ಆ ಕಾಲೇಜುಗಳಿಗೆ ತಮ್ಮದೇ ಅಕಾಡೆಮಿಕ್ ಕೌನ್ಸಿಲ್ ಇದೆ, ಅಲ್ಲಿ ಪಾಠ ಮಾಡುವವರು ಕೂರುತ್ತಾರೆ. ಡಿಗ್ರಿ ಮೇಲೆ ಅಚ್ಚಾಗುವುದು ಅದೇ ವಿಟಿಯು ಹೆಸರು. ಬಿಚ್ಚಬಹುದಾದ ಗಂಟು ಒಬ್ಬನಿಗೆ, ಬಿಚ್ಚಲಾಗದ್ದು ಇನ್ನೊಬ್ಬನಿಗೆ. ಇದು ನ್ಯಾಯ ಹೇಗೆ?

ಮಾಮೂಲಿ ಸಂಯೋಜಿತ ಕಾಲೇಜಿನ ಮೇಷ್ಟ್ರ ಸ್ಥಿತಿ ನೋಡಿ. ಸಿಲಬಸ್ ಬರುವುದು ಮಚ್ಛೆಯಿಂದ, ಕ್ಯಾಲೆಂಡರ್ ಅಲ್ಲಿಂದ, ಪ್ರಶ್ನೆಪತ್ರಿಕೆ ಅಲ್ಲಿಂದ. ಅಕಾಡೆಮಿಕ್ ಸೆನೆಟ್ ಅಂತ ಒಂದಿದೆ, ಕುಲಪತಿಗಳು ಅದರ ಅಧ್ಯಕ್ಷರು, ನಿಯಮಗಳು ಅಲ್ಲಿ ಪಾಸಾಗುತ್ತವೆ. ಖಾನಾಪುರದಿಂದ ದಿನಾ ಬಸ್ಸಿಗೆ ಬರುವ ಹುಡುಗನ ಮುಖ ನೋಡಿ 'ಯಾಕಪ್ಪಾ ಈ ತಿಂಗಳು ಕಾಣಲಿಲ್ಲ' ಅಂತ ಕೇಳುವ ಮೇಷ್ಟ್ರಿಗೂ ಆ ಸಭೆಗೂ ಬಹಳ ದೂರ. ಹಾಗಂತ ಮೇಷ್ಟ್ರನ್ನು ವಿಶ್ವವಿದ್ಯಾಲಯ ನಂಬುವುದೇ ಇಲ್ಲ ಅಂತಲೂ ಅಲ್ಲ. ನಮ್ಮ ಕಾಲದಲ್ಲಿ ನೂರಕ್ಕೆ 20 ಅಂಕ ಇಂಟರ್ನಲ್ಸ್, 2018ರ ಸ್ಕೀಮಿನಲ್ಲಿ 40, 2021ರಲ್ಲಿ 50. ಅರ್ಧ ಅಂಕ ಕೊಡುವಷ್ಟು ನಂಬಿಕೆ ಬಂದಿದೆ ಅಂದಮೇಲೆ, 'ಈ ಹುಡುಗ ಈ ಸಲ ಎಂಟಲ್ಲ, ಆರು ತೆಗೆದುಕೊಳ್ಳಲಿ' ಅಂತ ಬರೆದು ಸಹಿ ಹಾಕುವ ಅಧಿಕಾರ ಕೊಡಲು ಏನು ಅಡ್ಡಿ?

ಅಡ್ಡಿಗಳಿವೆ, ಗೊತ್ತು. ಆಫೀಸಿನಲ್ಲಿ ಈ ಮಾತು ತೆಗೆದಾಗ ನನ್ನ ಸಹೋದ್ಯೋಗಿ, ಇವಳೂ ವಿಟಿಯು ಪ್ರಾಡಕ್ಟೇ, ಒಂದೇ ಏಟಿಗೆ ಹೇಳಿದಳು: "ಸಹಿ ಮೇಷ್ಟ್ರ ಕೈಗೆ ಕೊಟ್ಟರೆ ಸಹಿಗೆ ರೇಟ್ ಫಿಕ್ಸ್ ಆಗುತ್ತೆ. ಮ್ಯಾನೇಜ್‌ಮೆಂಟಿಗೆ ಒಂದು ವರ್ಷದ ಫೀಸ್ ಹೆಚ್ಚು ಸಿಗುತ್ತೆ ಅಂತ ಆದ್ರೆ ಎಲ್ಲರಿಗೂ ಆರೇ ತಗೊಳ್ಳಿ ಅಂತಾರೆ. ನಾಲ್ಕು ಅನ್ನೋ ನಿಯಮ ಕಠಿಣ ಇರಬಹುದು, ಆದ್ರೆ ಮಂತ್ರಿ ಮಗನಿಗೂ ನಾಲ್ಕೇ." ಈ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಎಲ್ಲರಿಗೂ ಒಂದೇ ಅಂಕಿ ಇದ್ದರೆ ಬಲವಿಲ್ಲದವನಿಗೆ ಒಂದು ರಕ್ಷಣೆ ಅನ್ನುವುದು ನಿಜ. ಟೈಮ್‌ಟೇಬಲ್ ಕಷ್ಟ, ಸ್ಕಾಲರ್‌ಶಿಪ್ಪಿನ ವರ್ಷದ ಲೆಕ್ಕ ಬೇರೆ. ನಮ್ಮ ಕಂಪನಿಗಳೂ ಸುಮ್ಮನಿಲ್ಲ, ಬ್ಯಾಕ್ ಇರಬಾರದು, ಗ್ಯಾಪ್ ಇರಬಾರದು ಅಂತ ಫಿಲ್ಟರ್ ಹಾಕಿ ಕೂತಿರುತ್ತವೆ. ಆ ಫಿಲ್ಟರ್ ಬರೆಯುವವರಲ್ಲಿ ನಾನೂ ಒಬ್ಬ.

ಆದರೂ ಸಹಿ ಒಬ್ಬರದೇ ಇರಬೇಕೆಂದಿಲ್ಲ. ವಿಭಾಗದ ಮೂವರು ಮೇಷ್ಟ್ರು ಕೂತು ತೀರ್ಮಾನಿಸಲಿ, ಕಾರಣ ಬರೆದಿಡಲಿ, ಬೇಡ ಅಂದರೆ ವಿದ್ಯಾರ್ಥಿ ಮಚ್ಛೆಗೆ ಅಪೀಲು ಹಾಕಲಿ. ಬಿಟ್ಟ ಎರಡು ಕೋರ್ಸಿಗೆ ಎರಡನೇ ಸಲ ಫೀಸು ಕೂಡದು ಅಂತ ವಿಶ್ವವಿದ್ಯಾಲಯವೇ ನಿಯಮ ಮಾಡಲಿ. ಅದು ಸೆನೆಟ್ಟಿನ ಕೆಲಸ, ಅಲ್ಲಿಂದಲೇ ಆಗಬೇಕು. ಹುಡುಗನ ತಲೆಗೆ ಎಷ್ಟು ಅನ್ನುವುದು ಅವನನ್ನು ಕಂಡವರ ಕೆಲಸ. ನಮ್ಮ ಟೀಮಿನಲ್ಲಿ ಸ್ಪ್ರಿಂಟ್ ಶುರುವಾಗುವಾಗ ಎಷ್ಟು ಕೆಲಸ ಹಿಡಿಯುತ್ತೀರಿ ಅಂತ ಮಾಡುವವರನ್ನೇ ಕೇಳುತ್ತಾರೆ. ಆಮೇಲೆ ಮ್ಯಾನೇಜರ್ ಇನ್ನೆರಡು ತುರುಕುತ್ತಾನೆ, ಅದು ಬೇರೆ ಮಾತು :) ಆದರೆ ಕೇಳುತ್ತಾರಲ್ಲ.

ದೆಹಲಿಯಲ್ಲಿ ಗಾಳಿ ಬದಲಾಗಿದೆ. ಒಂದೇ ಸಮಯಕ್ಕೆ ಎರಡು ಡಿಗ್ರಿ ಮಾಡಬಹುದು ಅಂತ ಯುಜಿಸಿ 2022ರಲ್ಲಿ ಹೇಳಿತು. 2024ರ ಕೊನೆಗೆ, ಪದವಿಯನ್ನು ಬೇಗ ಮುಗಿಸುವುದಕ್ಕೂ ನಿಧಾನವಾಗಿ ಮುಗಿಸುವುದಕ್ಕೂ ಅವಕಾಶ ಇರಲಿ, ಸೆಮಿಸ್ಟರಿಗೆ ಹೆಚ್ಚು ಅಥವಾ ಕಡಿಮೆ ಕ್ರೆಡಿಟ್ ತೆಗೆದುಕೊಳ್ಳಲಿ, ಯಾರಿಗೆ ಅಂತ ಸಂಸ್ಥೆಯ ಸಮಿತಿ ನೋಡಲಿ ಅಂದಿತು. ಬೇಗ ಮುಗಿಸುವವರಿಗೆ ಸೀಟಿನ ಶೇಕಡಾ 10ರ ಮಿತಿ ಹಾಕಿದೆ. ಪೇಪರುಗಳೆಲ್ಲ ಬೇಗ ಮುಗಿಸುವ ಜಾಣರ ಬಗ್ಗೆಯೇ ಬರೆದವು. ನನ್ನ ಕಣ್ಣು ಇರುವುದು ನಿಧಾನದ ಬಾಗಿಲ ಮೇಲೆ. ಅದು ಜಾಂಬೋಟಿಯ ಹುಡುಗನಿಗೆ ತೆರೆಯುತ್ತದೋ ಇಲ್ಲವೋ ಅನ್ನುವುದು ಆ ಸಮಿತಿಯಲ್ಲಿ ಯಾರು ಕೂರುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಪ್ರಿನ್ಸಿಪಾಲರು, ರಿಜಿಸ್ಟ್ರಾರರು ಅಷ್ಟೇ ಕೂತರೆ ಅದು ಇನ್ನೊಂದು ಸುತ್ತೋಲೆ ಆಗುತ್ತದೆ.

ಗೆಳೆಯನ ತಮ್ಮನಿಗೆ ಕೊನೆಗೆ ಒಂದು ಮಾತು ಹೇಳಿ ಬಂದೆ. ಕಷ್ಟವಾದರೆ ಪರೀಕ್ಷೆ ತನಕ ಕಾಯಬೇಡ, ಕ್ಲಾಸ್ ಮೇಷ್ಟ್ರ ಹತ್ತಿರ ಹೋಗಿ ಕೇಳು, ಇಲ್ಲ ಅಂದರೂ ಕೇಳು ಅಂತ. "ಕೇಳಿದ್ರ ಬೈತಾರ್ರೀ ಅಣ್ಣಾ" ಅಂದ.

ಕೃಷಿ ಕಾಲೇಜಿನಲ್ಲಿ, ಸ್ವಾಯತ್ತ ಕಾಲೇಜಿನಲ್ಲಿ ಓದಿದವರು ಇದನ್ನು ಓದುತ್ತಿದ್ದರೆ ದಯವಿಟ್ಟು ಬರೆಯಿರಿ. ನಿಮ್ಮ ಅಡ್ವೈಸರ್ ನಿಮ್ಮ ಕಾರ್ಡು ಓದಿ ಸಹಿ ಹಾಕುತ್ತಿದ್ದರೋ, ಅಥವಾ ಕಾರಿಡಾರಿನಲ್ಲಿ ನಿಂತಲ್ಲೇ ಹಾಕಿ ಕಳಿಸುತ್ತಿದ್ದರೋ?